ನೀರಿನಿಂದಲೇ

ಒತ್ತಿಲಿಯಾಳಿಗೆ ಇನ್ನೂರ ಹನ್ನೆರಡು ಹೆಸರುಗಳು ಬಾಯಿಪಾಠವಾಗಿದ್ದವು. ಗಣಿ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತ, ಹೊದಿಕೆಗೆ ಒಂದು ಹೆಸರಿನಂತೆ, ತುಟಿ ಅಲುಗಿಸದೆ ಹೇಳಿಕೊಳ್ಳುತ್ತಿದ್ದಳು. ಬರೆದಿಟ್ಟುಕೊಳ್ಳುವ ಹಾಗಿರಲಿಲ್ಲ. ಅಂಥ ಕಾಗದ ಸಿಕ್ಕಿದರೆ ಬರೆದವಳಿಗೂ ಜೈಲು, ಬರೆಸಿದವರಿಗೂ ಜೈಲು. ವೋಲ್ಗಾ ತೀರದಿಂದ ಯುದ್ಧದ ವರ್ಷ ಸರ್ಕಾರ ದನ ಸಾಗಿಸುವ ರೈಲು ಡಬ್ಬಿಗಳಲ್ಲಿ ತುಂಬಿ ತಂದು ಕಜಕ್ ನಾಡಿನ ಕಾರಾಸಾಯ್‌ನ ಈ ಬಯಲಿನಲ್ಲಿ ಸುರಿದ ಮೇಲೆ ನಮ್ಮ ಜರ್ಮನ್ ಕಥೋಲಿಕರಿಗೆ ಮೂವತ್ತಾರು ವರ್ಷ ಗುರುಗಳೇ ಇರಲಿಲ್ಲ. ಹುಟ್ಟಿದ ಕೂಸುಗಳಿಗೆ ಕಿಟಕಿಗೆ ಕಂಬಳಿ ಕಟ್ಟಿ, ಬಟ್ಟಲು ನೀರಿನಲ್ಲಿ ಜ್ಞಾನಸ್ನಾನ ಕೊಟ್ಟವಳು ಒತ್ತಿಲಿಯಾ. ಅದಿಲ್ಲದೆ ಸತ್ತ ಕೂಸಿಗೆ ಸ್ವರ್ಗವಿಲ್ಲ ಎನ್ನುತ್ತಿದ್ದರು ನಮ್ಮ ಹಿರಿಯರು. ಊರಿಗೆಲ್ಲ ಅವಳು ತಿಲಿ ಅತ್ತೆ. ಮದುವೆಯಾಗಲಿಲ್ಲ, ಹೆರಲಿಲ್ಲ, ಆದರೂ ಬೀದಿಗೆ ಇಳಿದರೆ ನಾಲ್ಕು ಹೆಜ್ಜೆಗೊಬ್ಬರು ಅವಳ ಮಕ್ಕಳು.

ಹೆಸರು ಹೇಳುವಾಗ ಮಾತ್ರ ಅವಳು ಯಾವತ್ತೂ ಎರಡನೆಯದರಿಂದ ಶುರು ಮಾಡುತ್ತಿದ್ದಳು. ಮೊದಲನೆಯದರ ಹೊದಿಕೆಗೆ ಸುಮ್ಮನೆ ಇಸ್ತ್ರಿ ಹಾಕುತ್ತಿದ್ದಳು.

ಆ ವರ್ಷ, ಎಪ್ಪತ್ತೆಂಟರಲ್ಲಿ, ಸರ್ಕಾರಕ್ಕೆ ಅದೇನು ಮನಸ್ಸು ಬಂತೋ, ಪ್ರಾರ್ಥನೆಗೆ ಒಂದು ಮನೆ ಇಟ್ಟುಕೊಳ್ಳಿ ಎಂದು ಮೊಹರು ಒತ್ತಿ ಕಾಗದ ಕೊಟ್ಟಿತು. ಪಾಸ್ಕ ಹಬ್ಬಕ್ಕೆ ಮುಂಚಿನ ಉಪವಾಸದ ತಪಸ್ಸುಕಾಲದ ನಡುವೆ ಕ್ಲೆಮೆನ್ಸ್ ಗುರುಗಳು ಬಂದರು. ಎಂಟು ವರ್ಷ ಕೈದಿಗಳ ಶಿಬಿರದಲ್ಲಿ ಮರ ಕಡಿದು ಬಂದಿದ್ದ, ದೊಡ್ಡ ಕಿವಿಯ ಕುಳ್ಳ ಮನುಷ್ಯ. ಚಹಾಕ್ಕೆ ಐದು ಉಂಡೆ ಸಕ್ಕರೆ ಹಾಕಿಕೊಂಡು ಆಮೇಲೆ ನಾಚಿಕೊಳ್ಳುತ್ತಿದ್ದರು. ಮೊದಲ ಪೂಜೆಯಲ್ಲಿ ಮುದುಕಿಯರು ಅತ್ತ ಅಳುವಿಗೆ ಅವರು ಓದಿದ್ದು ಯಾರಿಗೂ ಕೇಳಲಿಲ್ಲ. ಎರಡನೆಯ ಪೂಜೆಯ ಹೊತ್ತಿಗೆ ಅದೇ ಮುದುಕಿಯರು, ಗುರುಗಳ ರಾಗ ಸರಿಯಿಲ್ಲ, ವೋಲ್ಗಾದಲ್ಲಿ ಹೀಗೆ ಎಳೆಯುತ್ತಿರಲಿಲ್ಲ ಎಂದು ತಕರಾರು ತೆಗೆದರು. ನಮ್ಮವರ ಜಾಯಮಾನವೇ ಅದು. ಇಲ್ಲದಿದ್ದಾಗ ಪ್ರಾಣ ಬಿಡುತ್ತಾರೆ, ಸಿಕ್ಕಾಗ ಹುಳುಕು ಹುಡುಕುತ್ತಾರೆ.

ಗುರುಗಳು ಒಂದು ದಪ್ಪ ಪುಸ್ತಕ ತಂದಿದ್ದರು. ಪಾಸ್ಕ, ಅಂದರೆ ಈಸ್ಟರ್ ಹಬ್ಬದ ಮುಂಚಿನ ವಾರ ಊರಿನ ಎಲ್ಲ ಜ್ಞಾನಸ್ನಾನಗಳನ್ನೂ ಅದರಲ್ಲಿ ಬರೆಯುವುದೆಂದಾಯಿತು. ಕೊಟ್ಟವಳು ಶುಭಸಂದೇಶದ ಗ್ರಂಥದ ಮೇಲೆ ಕೈಯಿಟ್ಟು ಒಂದೊಂದು ಹೆಸರಿಗೂ ಸಾಕ್ಷಿ ಹೇಳಬೇಕು: ನೀರಿನಿಂದಲೇ ಕೊಟ್ಟೆ, ಪಿತನ, ಸುತನ, ಪವಿತ್ರಾತ್ಮನ ಹೆಸರು ಹೇಳಿಯೇ ಕೊಟ್ಟೆ ಎಂದು. ಬದುಕಿರುವವರಲ್ಲಿ ಯಾರದಾದರೂ ಅನುಮಾನವಿದ್ದರೆ ಗುರುಗಳೇ ಇನ್ನೊಮ್ಮೆ ನೀರು ಹಾಕುತ್ತಾರೆ. ಸತ್ತವರಿಗೆ ಆ ದಾರಿಯಿಲ್ಲ. ಸಾಕ್ಷಿ ಇದ್ದರೆ ಹೆಸರು ಪುಸ್ತಕಕ್ಕೆ, ಇಲ್ಲದಿದ್ದರೆ ಇಲ್ಲ.

ಅಂದು ಮಧ್ಯಾಹ್ನವೇ ವಾಲ್ಬುರ್ಗಾ ಏದುಸಿರು ಬಿಡುತ್ತ ಒತ್ತಿಲಿಯಾಳ ಮನೆಗೆ ಬಂದಳು. ಕಾಲು ಬಾತು ತನ್ನ ಉಣ್ಣೆಯ ಬೂಟಿನೊಳಗೆ ಹೋಗದೆ, ಸತ್ತ ಗಂಡನ ದೊಡ್ಡ ಬೂಟು ಹಾಕಿಕೊಂಡಿದ್ದಳು.

"ಸತ್ತ ಮಕ್ಕಳನ್ನೂ ಬರೀತಾರಂತೆ ಕಣೇ ತಿಲಿ, ಕೇಳಿಸ್ಕೊಂಡ್ಯಾ?"

"ಕೂತ್ಕೋ ಮೊದ್ಲು, ಬುರ್ಗಾ. ಈ ಕಾಲಲ್ಲಿ ಅಷ್ಟು ದೂರ ಯಾಕೆ ನಡ್ಕೊಂಡ್ ಬಂದೆ? ಹೇಳಿ ಕಳಿಸಿದ್ರೆ ನಾನೇ ಬರ್ತಿರ್ಲಿಲ್ವಾ?"

"ಕಾಲಿನ ಮಾತು ಬಿಡು. ಬೇಸಿಗೆ ದಾಟೋದು ಕಷ್ಟ ಅಂದಿದಾರೆ ಡಾಕ್ಟರು. ಆಮೇಲೆ ಈ ಕಾಲು ಉಳಿಸ್ಕೊಂಡು ಉಪ್ಪು ಹಾಕಿ ಇಡ್ಲಾ?" ಬುರ್ಗಾ ನಗುತ್ತ ಬೆಂಚಿನ ಮೇಲೆ ಕುಸಿದಳು. "ನಮ್ಮ ವೆಂಡೆಲಿನ್ ಹೆಸರು ಮೊದಲನೇ ಸಾಲಲ್ಲಿ ಬರಬೇಕು. ನಿನ್ನ ಕೈಯಲ್ಲಿ ಆದ ಮೊದಲನೇ ಕೂಸು ಅವನು. ಆ ಆಗ್ನೆಸ್ ತನ್ನ ಮಗನ್ನ ಮುಂದೆ ನುಗ್ಗಿಸ್ತಾಳೆ, ನೋಡ್ತಿರು. ನೀನು ಬಿಡಬೇಡ."

ಒತ್ತಿಲಿಯಾ ಚಹಾ ಬಗ್ಗಿಸುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತಳು. ಚಹಾ ಬಟ್ಟಲು ತುಂಬಿ ತಟ್ಟೆಗೆ ಚೆಲ್ಲಿತು.

ಬುರ್ಗಾಳಿಗೆ ಲೋಕದಲ್ಲಿ ಬೇರೆ ಯಾರೂ ಇರಲಿಲ್ಲ. ಗಂಡನನ್ನು ಯುದ್ಧಕಾಲದ ಬಲವಂತದ ದುಡಿಮೆಗೆ, ಕಾರ್ಮಿಕ ಸೈನ್ಯಕ್ಕೆ ಎಳೆದುಕೊಂಡು ಹೋದರು. ಅವನು ಯಾವ ಕಾಡಿನಲ್ಲಿ ಸತ್ತನೆಂದು ತಿಳಿಯಲಿಲ್ಲ. ಉಳಿದದ್ದು ಎರಡು ಗಂಟೆ ಬದುಕಿದ್ದ ಕೂಸು, ಅದು ಸ್ವರ್ಗದಲ್ಲಿದೆ ಎಂಬ ನಂಬಿಕೆ. ಬೇರೆ ಹೆಂಗಸರು ಕಾರಾಗಾಂದದಲ್ಲಿ ಕೆಲಸಕ್ಕಿರುವ ಮಕ್ಕಳ ಬಗ್ಗೆ ಮಾತಾಡುವಷ್ಟೇ ಸಲೀಸಾಗಿ ಅವಳು ಅವನ ಬಗ್ಗೆ ಮಾತಾಡುತ್ತಿದ್ದಳು. ನಮ್ಮ ವೆಂಡೆಲಿನ್‌ಗೆ ಈಗ ಮೂವತ್ತಾರು, ಅವರಪ್ಪನ ಹಾಗೆ ಎತ್ತರ ಆಗಿರ್ತಾನೆ, ಎನ್ನುವಳು. ನಾನು ಹೋಗೋ ದಿವಸ ಬಾಗಿಲ ಹತ್ರ ಬಂದು ನಿಂತಿರ್ತಾನೆ, ಎನ್ನುವಳು. ಹಸಿವು, ಟೈಫಸ್, ಪೊಲೀಸು ಕಚೇರಿಯಲ್ಲಿ ತಿಂಗಳು ತಿಂಗಳು ಹಾಕಬೇಕಾಗಿದ್ದ ಸಹಿ, ಎಲ್ಲವನ್ನೂ ಅವಳು ಆ ಒಂದು ಬಾಗಿಲು ನೋಡಿಕೊಂಡೇ ದಾಟಿದ್ದಳು.

ಆ ಬಾಗಿಲಲ್ಲಿ ಯಾರೂ ಇಲ್ಲ ಎಂದು ಒತ್ತಿಲಿಯಾಳಿಗೆ ಮಾತ್ರ ಗೊತ್ತಿತ್ತು. ಗೊತ್ತಿತ್ತು ಎಂದರೆ, ಹಾಗೆಂದು ಭಯವಿತ್ತು. ಮೂವತ್ತಾರು ವರ್ಷ ಜೊತೆಗೆ ಮಲಗಿ ಎದ್ದ ಭಯ ತಿಳಿವಳಿಕೆಯ ಹಾಗೇ ಗಟ್ಟಿಯಾಗಿರುತ್ತದೆ.

ನಲವತ್ತೆರಡರ ಫೆಬ್ರವರಿ. ನೆಲದೊಳಗೆ ಅಗೆದ ಗುಂಡಿಮನೆ, ಮೂರು ದಿನದಿಂದ ಹಿಮಗಾಳಿ. ಒಲೆಗೆ ಹಾಕಲು ಒಂದು ಬೆರಣಿಯೂ ಉಳಿದಿರಲಿಲ್ಲ. ಹರಕು ಪರದೆಯ ಹಿಂದೆ ಬುರ್ಗಾ ಹೆತ್ತಳು. ಜ್ಞಾನಸ್ನಾನ ಕೊಡುತ್ತಿದ್ದ ಮುದುಕಿ ಆ ವಾರ ಟೈಫಸ್‌ನಲ್ಲಿ ಮೈಮೇಲೆ ಪ್ರಜ್ಞೆಯಿಲ್ಲದೆ ಬಿದ್ದಿದ್ದಳು. ಹತ್ತೊಂಬತ್ತರ ಒತ್ತಿಲಿಯಾಳ ಕೈಯಲ್ಲಿ ಕೂಸು ಉಸಿರೆಳೆಯಲಾರದೆ ನೀಲಿಯಾಗುತ್ತಿತ್ತು. ಬಕೆಟ್ಟಿನ ನೀರು ತಳದವರೆಗೆ ಗಡ್ಡೆಕಟ್ಟಿತ್ತು. ಬೂಟಿನ ಹಿಮ್ಮಡಿಯಿಂದ ಗುದ್ದಿದಳು, ಬಿರುಕೂ ಬಿಡಲಿಲ್ಲ. ಪರದೆಯಾಚೆ ಬುರ್ಗಾ, "ಹಾಕೇ, ಹಾಕೇ, ಹೋಗ್ಬಿಡತ್ತೆ, ಹಾಕೇ" ಎಂದು ಕಿರುಚುತ್ತಿದ್ದಳು. ಆಗ ಪಕ್ಕದ ಕಜಕ್ ಮನೆಯ ಉಲ್ಮೆಕೆನ್ ಹಿಮ ಅಗೆದುಕೊಂಡು ಒಳಗೆ ಬಂದಳು. ಬಾಣಂತಿಗೆಂದು ಕೋಟಿನೊಳಗೆ ಎದೆಗೊತ್ತಿಕೊಂಡು ಒಂದು ಬಟ್ಟಲು ಬೆಚ್ಚನೆಯ ಹಾಲು ತಂದಿದ್ದಳು. ಆ ಮನೆಯಲ್ಲಿ ಹರಿಯುವಂಥದ್ದು ಅದೊಂದೇ. ಒತ್ತಿಲಿಯಾ ಅದರಲ್ಲಿ ಕೈ ಅದ್ದಿ ಕೂಸಿನ ತಲೆಗೆ ಮೂರು ಸಲ ಸುರಿದಳು, ಮಾತುಗಳನ್ನು ತಪ್ಪಿಲ್ಲದೆ ಹೇಳಿದಳು. ಪರದೆಯ ಹಿಂದೆ ಬುರ್ಗಾ ಮಾತು ಕೇಳಿದಳು, ಬಟ್ಟಲು ನೋಡಲಿಲ್ಲ. ಉಲ್ಮೆಕೆನ್‌ಗೆ ಅದರ ಅರ್ಥ ಗೊತ್ತಿರಲಿಲ್ಲ. ಅವಳು ಐವತ್ತನೇ ಇಸವಿಯಲ್ಲಿ ತೀರಿಕೊಂಡಳು.

ಇಷ್ಟೇ ಆಗಿದ್ದರೆ ಬೇರೆ ದಾರಿಯಿರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಉಲ್ಮೆಕೆನ್ ಒಳಗೆ ಬಂದಾಗ ಅವಳ ಹೆಗಲ ಮೇಲೆ, ಟೋಪಿಯ ಮೇಲೆ ಗೇಣುದ್ದ ಹಿಮ ಕೂತಿತ್ತು. ನೆಲ ಒದ್ದೆಯಾಗಬಾರದೆಂದು ಒತ್ತಿಲಿಯಾ ತಾನೇ ಕೈಯಾರೆ ಅದನ್ನು ಕೊಡವಿ ಹೊರಗೆ ನೂಕಿದ್ದಳು. ಒಂದು ಹಿಡಿ ಅಂಗೈಯಲ್ಲಿ ಒತ್ತಿಕೊಂಡಿದ್ದರೆ ನೀರಾಗುತ್ತಿತ್ತು. ಬಯಲಿಗೆ ಬಯಲೇ ನೀರು ಹೊದ್ದು ಮಲಗಿದ್ದ ದಿನ ಅವಳಿಗೆ ಮೂರು ಹನಿ ಹೊಳೆಯಲಿಲ್ಲ. ಹೊಳೆದದ್ದು ಕೂಸನ್ನು ಪೆಟ್ಟಿಗೆಗೆ ಹಾಕಿದ ಮೇಲೆ.

ಬುರ್ಗಾ ಬಂದು ಹೋದ ಮರುದಿನ ಒತ್ತಿಲಿಯಾ ಗುರುಗಳಿಗೆ ಎಲೆಕೋಸಿನ ಕಡುಬು ತೆಗೆದುಕೊಂಡು ಹೋದಳು. ಅವರು ತಿನ್ನುವವರೆಗೆ ಕಾದು, ಯಾರದೋ ಮಾತಿನ ಹಾಗೆ ಕೇಳಿದಳು.

"ಸ್ವಾಮಿ, ನೀರು ಸಿಗದೆ ಇನ್ನೇನಾದ್ರೂ ಹಾಕಿದ್ರೆ?"

"ಇನ್ನೇನು ಅಂದ್ರೆ?"

"ಏನೋ. ದ್ರಾಕ್ಷಾರಸ. ಹಾಲು."

"ಆಗಲ್ಲಮ್ಮ. ನೀರೇ ಆಗ್ಬೇಕು. ಹಾಲು ಹಾಕಿದ್ರೆ ಅದು ಜ್ಞಾನಸ್ನಾನ ಅಲ್ಲ."

"ಆ ಮಗು ಸತ್ತಿದ್ರೆ?"

ಗುರುಗಳು ಫೋರ್ಕು ಕೆಳಗಿಟ್ಟರು. ಪೆದ್ದರಲ್ಲ ಅವರು, ಆದರೆ ಕೆದಕಲಿಲ್ಲ. "ದೇವರ ಕೈಗೆ ಬಿಡ್ತೀವಿ. ಸಂಸ್ಕಾರಕ್ಕೆ ನಾವು ಕಟ್ಟುಬಿದ್ದಿದೀವಿ, ದೇವರು ಕಟ್ಟುಬಿದ್ದಿಲ್ಲ. ಅವನ ಪ್ರೀತಿ ನಮ್ಮ ಬಟ್ಟಲಿಗಿಂತ ದೊಡ್ಡದು."

"ಅದು ಎಲ್ಲಾದ್ರೂ ಬರೆದಿದ್ಯಾ ಸ್ವಾಮಿ? ಅಂಥ ಮಗು ಸ್ವರ್ಗದಲ್ಲಿದೆ ಅಂತ?"

"ಹಾಗೇ ಬರೆದಿಲ್ಲ. ಅದು ನಿರೀಕ್ಷೆ. ನಂಬಿಕೊಂಡಿರಬೇಕು."

ನಂಬಿಕೊಂಡಿರಬೇಕು! ಮೂವತ್ತಾರು ವರ್ಷ ಏನು ಮಾಡಿದೆವೆಂದುಕೊಂಡರು ಈ ಗುರುಗಳು? ಒತ್ತಿಲಿಯಾಳಿಗೆ ಸಿಟ್ಟು ನೆತ್ತಿಗೇರಿತು. ಖಾಲಿ ತಟ್ಟೆ ಎತ್ತಿಕೊಂಡು ಸರಸರನೆ ಮನೆಗೆ ಬಂದಳು. ಬುರ್ಗಾಳ ಕಾಲಿನ ಬಾವು ಮೊಣಕಾಲು ದಾಟಿತ್ತು. ಅವಳಿಗೆ ನಿರೀಕ್ಷೆ ಸಾಕಾಗುತ್ತಿರಲಿಲ್ಲ, ಬರೆದದ್ದು ಬೇಕಿತ್ತು.

ಬುಧವಾರ ಪ್ರಾರ್ಥನೆಯ ಮನೆಯಲ್ಲಿ ಮೇಜು ಹಾಕಿದರು. ಗೋಡೆ ಒಡೆದು ಒಂದು ಮಾಡಿದ ಎರಡು ಕೋಣೆಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಣಿಯಿಂದ ನೇರ ಬಂದ ಗಂಡಸರು ಕಪ್ಪು ಮುಖದಲ್ಲೇ ನಿಂತಿದ್ದರು. ಅವರಲ್ಲಿ ಅರ್ಧ ಜನರ ತಲೆಗೆ ನೀರು ಹಾಕಿದ್ದು ಒತ್ತಿಲಿಯಾ. "ತಿಲಿ ಅತ್ತೆ, ನನಗೆ ನೀರು ಬಿಸಿ ಮಾಡಿದ್ರಾ, ತಣ್ಣೀರೇ ಹಾಕಿದ್ರಾ?" ಎಂದು ಒಬ್ಬ ಕೆಣಕಿದ. "ನಿನಗೆ ಐಸು ಹಾಕಿದ್ದು ಕಣೋ, ಅದಕ್ಕೇ ತಲೆ ಇನ್ನೂ ಕರಗಿಲ್ಲ" ಎಂದು ಆಗ್ನೆಸ್ ಹಿಂದಿನಿಂದ ಕೂಗಿದಳು. ಎಲ್ಲರೂ ನಕ್ಕರು.

ಬುರ್ಗಾ ಮೇಜಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ಮದುವೆಯ ದಿನದ ಶಾಲು ಹೊದ್ದು ಕೂತಿದ್ದಳು. ಒತ್ತಿಲಿಯಾ ಬಂದು ನಿಂತಾಗ ಅವಳ ತೋಳು ಹಿಡಿದುಕೊಂಡಳು.

"ಮೊದಲನೇ ಹೆಸರು?"

"ವೆಂಡೆಲಿನ್, ಸ್ವಾಮಿ," ಎಂದಳು ಬುರ್ಗಾ, ಯಾರೂ ಬಾಯಿ ತೆರೆಯುವ ಮುಂಚೆ. "ಯೋಸೆಫ್‌ನ ಮಗ. ಫೆಬ್ರವರಿ ಹನ್ನೊಂದು."

ಗುರುಗಳು ಒತ್ತಿಲಿಯಾಳ ಕಡೆ ನೋಡಿದರು. ಅವಳ ಕೈ ಶುಭಸಂದೇಶದ ಮೇಲಿತ್ತು. "ನೀರಿನಿಂದಲೇ ಕೊಟ್ಯಾ?"

ತೋಳಿನ ಮೇಲೆ ಬುರ್ಗಾಳ ಬೆರಳುಗಳು ಬಿಗಿಯಾದವು. ಅನುಮಾನದಿಂದಲ್ಲ, ಸಂತೋಷದಿಂದ.

"ನೀರಿನಿಂದಲೇ, ಸ್ವಾಮಿ."

ಗುರುಗಳು ಬರೆದರು. ಬುರ್ಗಾ ಬಗ್ಗಿ ಆ ಸಾಲನ್ನು ನೋಡಿದಳು. ಅವಳಿಗೆ ಸರಿಯಾಗಿ ಓದಲು ಬರುತ್ತಿರಲಿಲ್ಲ, ಬೆರಳಿನಿಂದ ಮುಟ್ಟಿ, "ಇದೇನಾ? ಇಷ್ಟುದ್ದ ಇದ್ಯಾ ಅವನ ಹೆಸರು?" ಎಂದು ಅತ್ತಳು. ಉಳಿದ ಇನ್ನೂರ ಹನ್ನೊಂದು ಹೆಸರುಗಳಿಗೂ ಒತ್ತಿಲಿಯಾ ಸಾಕ್ಷಿ ಹೇಳಿದಳು. ಎಲ್ಲವೂ ನಿಜ.

ಶನಿವಾರ ಪಾಪನಿವೇದನೆ, ಮಾಡಿದ ಪಾಪಗಳನ್ನು ಗುರುಗಳಿಗೆ ಗುಟ್ಟಾಗಿ ಹೇಳಿ ಕ್ಷಮೆ ಪಡೆಯುವ ದಿನ; ಆ ಗುಟ್ಟನ್ನು ಗುರುಗಳು ಹೊರಗೆ ಬಳಸುವಂತಿಲ್ಲ. ಮೂಲೆಯಲ್ಲಿ ಕಂಬಳಿ ಇಳಿಬಿಟ್ಟು ಗುರುಗಳು ಅದರ ಹಿಂದೆ ಕೂತರು. ಮೂವತ್ತಾರು ವರ್ಷದ ಪಾಪ ಹೊತ್ತ ಜನ ಬೀದಿಯವರೆಗೆ ಸಾಲು ನಿಂತಿದ್ದರು. ಈ ದಿನಕ್ಕಾಗಿ ಒತ್ತಿಲಿಯಾ ಎಷ್ಟು ಹಂಬಲಿಸಿದ್ದಳೆಂದರೆ, ಅವಳನ್ನೂ ಕಾರ್ಮಿಕ ಸೈನ್ಯಕ್ಕೆ ಒಯ್ದು ಇಟ್ಟಿಗೆ ಹೊರಿಸಿದಾಗ ಅವಳು ಹೆದರಿದ್ದು ಸಾವಿಗಲ್ಲ, ನಿವೇದನೆಯಿಲ್ಲದೆ ಸಾಯುವುದಕ್ಕೆ. ಕಂಬಳಿಯ ಮುಂದೆ ಮೊಣಕಾಲೂರಿ ಒಂದನ್ನೂ ಬಿಡದೆ ಹೇಳಿದಳು. ಕದ್ದ ಬ್ರೆಡ್ಡು, ಹೆದರಿ ಹೇಳಿದ ಸುಳ್ಳುಗಳು, ಒಬ್ಬ ಕಾವಲುಗಾರನಿಗೆ ಹಾಕಿದ ಶಾಪ. ಕೊನೆಗೆ ಹಾಲಿನ ಬಟ್ಟಲು, ಕೊಡವಿದ ಹಿಮ, ಬುಧವಾರದ ಮಾತು.



"ಇಲ್ಲಿ ಕೇಳಿದ್ದನ್ನ ನಾನು ಹೊರಗೆ ಕೇಳಿಲ್ಲ," ಎಂದರು ಗುರುಗಳು ಕಂಬಳಿಯ ಹಿಂದಿನಿಂದ. "ಪುಸ್ತಕದಲ್ಲಿ ಆ ಹೆಸರು ಹಾಗೇ ಇರತ್ತೆ. ಅದನ್ನ ಮುಟ್ಟೋ ಹಕ್ಕು ನನಗಿಲ್ಲ."

ಒತ್ತಿಲಿಯಾ ಉಸಿರು ಬಿಟ್ಟಳು.

"ಆದ್ರೆ ನಿನಗೆ ಪಶ್ಚಾತ್ತಾಪ ಆಗಿದ್ಯಾ?"

"ಹಾಲು ಹಾಕಿದ್ದಕ್ಕೆ ಆಗಿದೆ ಸ್ವಾಮಿ. ಒಂದು ದಿನ ಬಿಡದೆ ಆಗಿದೆ."

"ಅದು ಪಾಪ ಅಲ್ಲ. ಗಾಬರಿಯಾದ ಹುಡುಗಿ ಮಾಡಿದ ತಪ್ಪು. ನಾನು ಕೇಳಿದ್ದು ಶುಭಸಂದೇಶದ ಮೇಲೆ ಕೈಯಿಟ್ಟು ಹೇಳಿದ ಸುಳ್ಳಿಗೆ."

ಅವಳು ಯೋಚಿಸಿದಳು. ಹೌದು ಎಂದರೆ ಮುಗಿಯುತ್ತಿತ್ತು. ಮೂವತ್ತಾರು ವರ್ಷದ ಹೊರೆ ಒಂದೇ ಮಾತಿಗೆ ಇಳಿಯುತ್ತಿತ್ತು, ಕ್ಷಮೆ ಪಡೆದವರಿಗಷ್ಟೇ ಸಿಗುವ ಪರಮಪ್ರಸಾದ ನಾಳೆ ನಾಲಿಗೆಯ ಮೇಲಿರುತ್ತಿತ್ತು. ಆದರೆ ಸುಳ್ಳಿಗೆ ಕ್ಷಮೆ ಕೇಳಲು ಇನ್ನೊಂದು ಸುಳ್ಳು ಹೇಳುವುದೇ?

"ಅದಕ್ಕಿಲ್ಲ."

"ಆ ಮಗೂನ ದೇವರು ನಿನಗಿಂತ ಕಡಿಮೆ ಪ್ರೀತಿಸ್ತಾನೆ ಅಂದ್ಕೊಂಡಿದೀಯಾ ತಾಯಿ? ಬುರ್ಗಾಗೆ ನಿಜ ಹೇಳಿ, ದೇವರ ಪ್ರೀತೀನ ನಂಬು ಅಂತ ಹೇಳೋಕೆ ಧೈರ್ಯ ಬರ್ಲಿಲ್ವಾ? ನೀನೂ ನಂಬಲ್ವಾ?"

"ನಂಬ್ತೀನಿ ಅಂದ್ರೆ ಅದೂ ಸುಳ್ಳಾಗತ್ತೆ ಸ್ವಾಮಿ. ನಂಬಿದ್ರೆ ಆ ಮಾತು ಯಾಕೆ ಹೇಳ್ತಿದ್ದೆ?"

ಗುರುಗಳು ಮೂಗು ಏರಿಸಿಕೊಂಡ ಸದ್ದು ಕೇಳಿಸಿತು. "ಹಾಗಾದ್ರೆ ನನ್ನ ಕೈ ಏಳಲ್ಲಮ್ಮ. ಕ್ಷಮೆ ಕೊಡೋಕೆ ನನಗೆ ಎಷ್ಟು ಆಸೆ ಇದೆ ಅಂತ ನಿನಗೆ ಗೊತ್ತಿಲ್ಲ. ಆದ್ರೆ ಏಳಲ್ಲ."

ಪಾಸ್ಕ ಹಬ್ಬದ ಬೆಳಿಗ್ಗೆ ಈರುಳ್ಳಿ ಸಿಪ್ಪೆಯಲ್ಲಿ ಬಣ್ಣ ಕಟ್ಟಿದ ಮೊಟ್ಟೆಗಳ ಬುಟ್ಟಿ ಹಿಡಿದು ಊರಿಗೆ ಊರೇ ಬಂತು. ಪರಮಪ್ರಸಾದಕ್ಕೆ ಎಲ್ಲರೂ ಎದ್ದರು. ಹಿಂದಿನ ಬೆಂಚಿನಲ್ಲಿ ಒತ್ತಿಲಿಯಾ ಒಬ್ಬಳೇ ಕೂತಿದ್ದಳು. ಅವಳ ಇನ್ನೂರು ಮಕ್ಕಳಲ್ಲಿ ಬದುಕಿದ್ದವರೆಲ್ಲ ಅವಳನ್ನು ದಾಟಿ ಮುಂದೆ ಹೋದರು, ತಿರುಗಿ ಬರುವಾಗ ಕಣ್ಣು ತಪ್ಪಿಸಿದರು. ಬಾಗಿಲಾಚೆ ಮಾತು ಶುರುವಾಗಲು ಹೊತ್ತು ಹಿಡಿಯಲಿಲ್ಲ. ಗುರುಗಳು ಬಂದ ಮೇಲೆ ತನ್ನ ದೊಡ್ಡಸ್ತಿಕೆ ಹೋಯಿತೆಂದು ಸಿಟ್ಟು ಎಂದರು ಕೆಲವರು. ಕಾರ್ಮಿಕ ಸೈನ್ಯದಲ್ಲಿ ಅದೇನೇನು ಮಾಡಿದ್ದಾಳೋ ಎಂದಳು ಆಗ್ನೆಸ್. ಬೇಸಿಗೆಯಲ್ಲಿ ಹುಟ್ಟಿದ ಮೂರು ಕೂಸುಗಳಿಗೆ, ಜ್ಞಾನಸ್ನಾನದ ಹೊತ್ತು ಕೂಸು ಹಿಡಿಯುವ ಜ್ಞಾನಮಾತೆಯಾಗಿ ಅವಳನ್ನು ಯಾರೂ ಕರೆಯಲಿಲ್ಲ. ಇಸ್ತ್ರಿ ಹಾಕುವಾಗ ಅವಳಿಗೆ ಈಗ ಹೆಸರುಗಳನ್ನು ಹೇಳಿಕೊಳ್ಳುವ ಕೆಲಸವಿರಲಿಲ್ಲ. ಅವು ಪುಸ್ತಕದಲ್ಲಿದ್ದವು.

ಶನಿವಾರಗಳಂದು ಕಂಬಳಿಯ ಪಕ್ಕದಿಂದ ಗುರುಗಳು ತಲೆ ಹೊರಹಾಕಿ ಅವಳನ್ನು ನೋಡುತ್ತಿದ್ದರು. ಅವಳು ತಲೆಯಲ್ಲಾಡಿಸುತ್ತಿದ್ದಳು. ಇಬ್ಬರಿಗೂ ಅದೇ ರೂಢಿಯಾಯಿತು.

ಜುಲೈನಲ್ಲಿ ಒಂದು ಮಧ್ಯಾಹ್ನ ಬುರ್ಗಾ ಹೇಳಿ ಕಳಿಸಿದಳು. ಗುರುಗಳು ಕೊನೆಯ ಎಣ್ಣೆ ಹಚ್ಚಿ ಹೋಗಿದ್ದರು. ತೆರೆದ ಕಿಟಕಿಯಿಂದ ಒಣಹುಲ್ಲಿನ ವಾಸನೆ ಬರುತ್ತಿತ್ತು. ಮುಖ ಮೇಣದ ಬಣ್ಣಕ್ಕೆ ತಿರುಗಿದ್ದರೂ ಬುರ್ಗಾ ತಲೆ ಬಾಚಿಸಿಕೊಂಡು, ಬಿಳಿ ಕರವಸ್ತ್ರ ಕಟ್ಟಿಸಿಕೊಂಡು ಊರಿಗೆ ಹೊರಟವಳಂತೆ ಮಲಗಿದ್ದಳು.

"ಊರವರು ಏನಾದ್ರೂ ಅಂದ್ಕೊಳ್ಲಿ," ಎಂದಳು, "ನಿನ್ನಿಂದಾಗಿ ನಾನು ಹೆದರದೆ ಹೋಗ್ತಿದೀನಿ ತಿಲಿ. ಅವನಿಗೆ ಏನಾದ್ರೂ ಹೇಳ್ಬೇಕಾ?"

ಒತ್ತಿಲಿಯಾ ಅವಳ ಕರವಸ್ತ್ರದ ಅಂಚು ಸರಿಮಾಡಿದಳು. "ತಿಲಿ ಕ್ಷಮಿಸು ಅಂದ್ಲು ಅಂತ ಹೇಳು."

"ಯಾಕೇ? ಅಂಥ ಚಳೀಲಿ ಅವನ ತಲೆ ಒದ್ದೆ ಮಾಡಿದ್ದಕ್ಕಾ?" ಬುರ್ಗಾ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಂತ ಮೇಲೂ ಮುಖದಲ್ಲಿ ನಗು ಹಾಗೇ ಉಳಿದಿತ್ತು. ಸಂಜೆಯಾಗುವ ಮುಂಚೆ ಅದೇ ಮುಖದಲ್ಲಿ ಹೋದಳು.

ಮಣ್ಣು ಮಾಡಿ ಬಂದ ಮೇಲೆ ಗುರುಗಳು ಒತ್ತಿಲಿಯಾಳನ್ನು ಪ್ರಾರ್ಥನೆಯ ಮನೆಗೆ ಕರೆದೊಯ್ದರು. ಒಳಗೆ ಯಾರೂ ಇರಲಿಲ್ಲ. ಅವರೇ ಕಂಬಳಿ ಸರಿಸಿ ಹಿಂದೆ ಕೂತರು.

"ಈಗ ನೋಯೋರು ಯಾರೂ ಇಲ್ಲ. ಆ ಸುಳ್ಳಿನ ಕೆಲಸ ಮುಗೀತು. ಈಗಲಾದ್ರೂ ಬೇಜಾರಾಯ್ತು ಅನ್ನು. ಒಂಚೂರು ಆದ್ರೂ ಸಾಕು, ನನಗೆ ಅಷ್ಟು ಸಾಕು."

ಒತ್ತಿಲಿಯಾ ಮೊಣಕಾಲೂರಿ ತನ್ನೊಳಗೆಲ್ಲ ಹುಡುಕಿದಳು. ನಿಜವಾಗಿ ಹುಡುಕಿದಳು, ಸಿಗಲಿ ಎಂಬ ಆಸೆ ಅವಳಿಗೂ ಇತ್ತು. ಎಲ್ಲಿ ಕೈ ಹಾಕಿದರೂ ಬುರ್ಗಾಳ ನಗುವ ಮುಖವೇ ಸಿಕ್ಕಿತು.

"ಇಲ್ಲ ಸ್ವಾಮಿ. ನಾಳೆ ಕೇಳಿದ್ರೂ ನೀರಿನಿಂದಲೇ ಅಂತೀನಿ."

ಗುರುಗಳು ಕಂಬಳಿ ಪಕ್ಕಕ್ಕೆ ಸರಿಸಿ ಅವಳನ್ನು ನೋಡಿದರು. "ಹಾಗಾದ್ರೆ ಪ್ರಾರ್ಥನೆನಾದ್ರೂ ಮಾಡು."

"ನಂಬಿಕೆ ಇಲ್ದೆ ಹೇಗೆ ಮಾಡೋದು?"

"ಇಲ್ದೆನೇ ಮಾಡು," ಎಂದು ಅವರು ಎದ್ದು ಹೊರಗೆ ಹೋದರು.

ಒತ್ತಿಲಿಯಾ ಹಿಂದಿನ ಬೆಂಚಿಗೆ ಬಂದು ಕೂತಳು. ಜಪಸರ ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ. ಬಾಯಿಪಾಠವಾಗಿದ್ದ ಯಾವ ಪ್ರಾರ್ಥನೆಯೂ ಈ ಕೆಲಸಕ್ಕೆ ಒದಗುವಂತಿರಲಿಲ್ಲ. ಮೂವತ್ತಾರು ವರ್ಷ ಉತ್ತರ ಕೊಡದವನ ಹತ್ತಿರ ನಯವಾಗಿ ಮಾತಾಡಲು ಅವಳಿಗೆ ಮನಸ್ಸೂ ಬರಲಿಲ್ಲ. ಪೀಠದ ಕಡೆ ನೆಟ್ಟಗೆ ನೋಡುತ್ತ, ಅಂಗಡಿಯವನಿಗೆ ಹೇಳುವ ಹಾಗೆ ಗಟ್ಟಿಯಾಗಿ ಹೇಳಿದಳು:

"ನನ್ನ ಹೊರಗೇ ನಿಲ್ಲಿಸು, ನಾನೇನೂ ಕೇಳಲ್ಲ. ಆ ಕೂಸನ್ನ ಮಾತ್ರ ಬಾಗಿಲಿಗೆ ಕಳಿಸು. ಅವಳು ಇಷ್ಟೊತ್ತಿಗೆ ಬಂದಿರ್ತಾಳೆ."